ಒಂದು ಟೇಬಲ್, ನಾಲ್ಕು ಮಷಿನ್: ಮಾವನ ಅಂಗಡಿಗೆ ಟ್ರ್ಯಾಕ್ ಹಾಕಿದ ಕಥೆ

(ಪಾಡ್‌ಕಾಸ್ಟ್ ಎಪಿಸೋಡಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಗದಗ-ಲಕ್ಷ್ಮೇಶ್ವರ ಬಸ್ಸಿನ್ಯಾಗ ಕೂತೋರಿಗೆ, ಬೆಟಗೇರಿಯಲ್ಲಿ ಅಂಗಡಿ ಶಟರ್ ಎತ್ತುತ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ನಾನು ಬಿ.ಕಾಂ ಓದಿದವನು. ಪಾನಾ ಹಿಡಿಯೋಕೆ ಬರ್ತಿರಲಿಲ್ಲ, ಈಗಲೂ ಪೂರ್ತಿ ಬರಲ್ಲ. ಆದರೂ ಇವತ್ತಿನ ಮಾತು ಒಂದು ವರ್ಕ್‌ಬೆಂಚ್ ಬಗ್ಗೆ. ಕೆಲಸ ಮಾಡೋ ಟೇಬಲ್ಲಿಗೆ ಎರಡು ಉದ್ದನೆ ಅಲ್ಯೂಮಿನಿಯಂ ಹಳಿ ಕೂರಿಸಿದರೆ ಏನಾಗುತ್ತೆ, ತಪ್ಪಾಗಿ ಕೂರಿಸಿದರೆ ಏನಾಗುತ್ತೆ ಅನ್ನೋದು ವಿಷಯ. ಎರಡನೆಯದನ್ನು ನಾನು ಸ್ವತಃ ಮಾಡಿ ನೋಡಿದೀನಿ. ಅದರ ಬೆಲೆ ನಮ್ಮ ಮಾವನ ಕಾಲಿನ ಹೆಬ್ಬೆರಳು ಕೊಟ್ಟಿತು.

ವಿಡಿಯೋದಿಂದ ಶುರುವಾದದ್ದು

ರಾತ್ರಿ ರೀಲ್ಸ್ ತಿರುಗಿಸ್ತಾ ಇದ್ದಾಗ ಅಮೆರಿಕದ ಒಬ್ಬರ ಗ್ಯಾರೇಜಿನ ವಿಡಿಯೋ ಬಂತು. ಅವರ ಹವ್ಯಾಸ ಬಂದೂಕಿನ ಖಾಲಿ ತೋಟೆಗಳನ್ನು ಮತ್ತೆ ತುಂಬೋದು. ಅಲ್ಲಿ ಅದಕ್ಕೆ ರೀಲೋಡಿಂಗ್ ಅಂತಾರೆ. ಅದಕ್ಕೆ ಬೇಕಾದ ಕೈ ಪ್ರೆಸ್ಸುಗಳು ಮೂರ್ನಾಲ್ಕು ಥರ ಇರ್ತಾವೆ. ಅವರ ಟೇಬಲ್ ಮಾತ್ರ ಒಂದೇ, ಅದೂ ಸಣ್ಣದು. ಟೇಬಲ್ ಮೇಲೆ ಹಳಿ ಇದೆ. ಒಂದು ಪ್ರೆಸ್ ಸಡಿಲಿಸಿ, ಸರಿಸಿ, ತೆಗೆದು, ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸಿ ಬಿಗಿ ಮಾಡ್ತಾರೆ. ಒಂದು ನಿಮಿಷದ ಕೆಲಸ.

ಒಂದು ಮಾತು ಇಲ್ಲೇ ಸ್ಪಷ್ಟ ಹೇಳಿಬಿಡ್ತೀನಿ. ಅವರು ಮಾಡೋ ಆ ಹವ್ಯಾಸ ನಮ್ಮಲ್ಲಿ ಮನೆಯಲ್ಲಿ ಕೂತು ಮಾಡೋ ಕೆಲಸ ಅಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿರಲ್ಲ. ಆ ಕಾಯ್ದೆಯಲ್ಲಿ ‘ಮದ್ದುಗುಂಡು’ ಅನ್ನೋ ಪದದ ಅರ್ಥದೊಳಗೆ ಅದರ ಬಿಡಿಭಾಗಗಳು, ಅದನ್ನು ತಯಾರಿಸೋ ಯಂತ್ರ ಕೂಡ ಬರ್ತಾವೆ. ಅಂದ್ರೆ ಬರೀ ಮಷಿನ್ ತರಿಸಿ ಇಟ್ಕೊಂಡ್ರೂ ತೊಂದರೆ. ಹಾಗಾಗಿ ಆ ವಿಡಿಯೋದಿಂದ ನಾವು ತಗೊಳ್ಳೋದು ಟೇಬಲ್ ಮಾತ್ರ. ತೋಟೆ, ಮದ್ದು, ಪ್ರೆಸ್ಸು ಎಲ್ಲ ಅಲ್ಲೇ ಇರಲಿ.

ಆದರೆ ಆ ಟೇಬಲ್ ನೋಡಿದ ಕೂಡಲೇ ನನಗೆ ಮಾವನ ಅಂಗಡಿ ನೆನಪಾಯ್ತು.

ಎರಡು ಶಟರ್ ಒಂದಾದಾಗ

ನಮ್ಮ ಸೋದರಮಾವಂದು ಗದಗದ ಮುಳಗುಂದ ನಾಕಾ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುಟ್ಟರೆ ಒಳಗಿನ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡೋದು. ಮೋಟರ್ ಯಾಕೆ ಸುಡುತ್ತೆ? ಮೂರು ಫೇಸಿನಲ್ಲಿ ಒಂದು ಹೋಗಿ ಉಳಿದ ಎರಡರ ಮೇಲೇ ಓಡಿದಾಗ, ವೋಲ್ಟೇಜ್ ಕಮ್ಮಿ ಇದ್ದಾಗ, ಬೋರಿನಲ್ಲಿ ನೀರು ಇಳಿದು ಪಂಪು ಒಣಗಿ ತಿರುಗಿದಾಗ. ನಮ್ಮ ಕಡೆ ಬೇಸಿಗೆಯಲ್ಲಿ ಈ ಮೂರೂ ಒಟ್ಟಿಗೇ ಬರ್ತಾವೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ಮಾವನ ಅಂಗಡಿ ಮುಂದೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಕಡೆಯ ಟಂಟಂ ಗಾಡಿಗಳು ನಿಂತಿರ್ತಾವೆ.

ಇಪ್ಪತ್ತು ವರ್ಷದಿಂದ ಮಾವಂದು ಎರಡು ಶಟರ್ ಅಂಗಡಿ. ಒಂದರಲ್ಲಿ ವೈಂಡಿಂಗ್, ಇನ್ನೊಂದರಲ್ಲಿ ಕಬ್ಬಿಣದ ಕೆಲಸ. ಪ್ರತಿ ಮಷಿನ್ನಿಗೂ ಅದರದ್ದೇ ಜಾಗ. ಹೋದ ವರ್ಷ ಜಾಗದ ಮಾಲೀಕರು ಬಾಡಿಗೆ ಏರಿಸಿದರು. ಎರಡನೇ ಶಟರ್ ಬೇಕಂದ್ರೆ ಅದಕ್ಕೇ ತಿಂಗಳಿಗೆ 6,000 ರೂಪಾಯಿ. ಮಾವ ಒಂದು ಶಟರ್ ಬಿಟ್ಟುಕೊಟ್ಟರು. ಉಳಿದದ್ದು 9 ಫೂಟು ಅಗಲ, 12 ಫೂಟು ಉದ್ದದ ಒಂದು ಕೋಣೆ. ಅದರಲ್ಲಿ ಅರ್ಧ ಜಾಗ ರಿಪೇರಿಗೆ ಬಂದ ಮೋಟರ್‌ಗಳಿಗೇ ಹೋಗುತ್ತೆ.

ಟೇಬಲ್ ಒಂದೇ ಹಿಡಿಸ್ತು. ಅದರ ಮೇಲೆ ವೈಸ್ ಬೇಕು, ಡ್ರಿಲ್ ಸ್ಟ್ಯಾಂಡ್ ಬೇಕು, ಕಾಯಿಲ್ ಸುತ್ತೋ ವೈಂಡಿಂಗ್ ಮಷಿನ್ ಬೇಕು, ಬೇರಿಂಗು ಬುಷ್ಷು ಒತ್ತೋ ಕೈ ಪ್ರೆಸ್ ಬೇಕು. ಮೂರು ವಾರ ಹೆಂಗ ನಡೀತು ಅಂದ್ರೆ, ವೈಸ್ ತೆಗೆದು ಡ್ರಿಲ್ ಹಾಕೋಕೆ ಹುಡುಗ ಟೇಬಲ್ ಕೆಳಗೆ ಮಲಗಿ ನಟ್ ಹಿಡೀಬೇಕು, ಮಾವ ಮೇಲಿಂದ ತಿರುಗಿಸಬೇಕು. ಒಂದು ಬದಲಾವಣೆಗೆ ಹದಿನೈದು ನಿಮಿಷ. ದಿನಕ್ಕೆ ಆರು ಸಲ.

ಮಾವನ ಮಗ, ಬೆಂಗಳೂರಿನಲ್ಲಿ ಇರೋನು, ಫೋನಿನಲ್ಲಿ ಒಂದೇ ಮಾತು: "ಸಾಕ್ ಬಿಡಪ್ಪಾ, ಎಲ್ಲಾ ಮಾರಿ ಇಲ್ಲಿಗೆ ಬಾ." ಮಾವ ಏನೂ ಅನ್ನಲಿಲ್ಲ. ಆದರೆ ಗುಜರಿಯವರನ್ನ ಕರೆದು ಕೈ ಪ್ರೆಸ್ಸಿಗೆ ರೇಟ್ ಕೇಳಿದ್ದು ನನಗೆ ಗೊತ್ತಾಯ್ತು. ಐವತ್ತೆಂಟು ವರ್ಷದ ಮನುಷ್ಯ ತನ್ನ ಮಷಿನ್ ಒಂದೊಂದೇ ಮಾರೋಕೆ ಹೊಂಟ ಅಂದ್ರೆ, ಅಂಗಡಿ ಮುಚ್ಚೋದು ಶುರುವಾಯ್ತು ಅಂತಲೇ ಲೆಕ್ಕ.

ಟ್ರ್ಯಾಕ್ ಅಂದ್ರೆ ಏನು

ಟಿ-ಟ್ರ್ಯಾಕ್ ಅನ್ನೋದು ಅಲ್ಯೂಮಿನಿಯಂ ಪಟ್ಟಿ. ಅದರ ನಡುವೆ ಉದ್ದಕ್ಕೂ ಒಂದು ಕಾಲುವೆ. ಕಾಲುವೆಯ ಬಾಯಿ ಸಣ್ಣದು, ಒಳಗೆ ಅಗಲ. ಕಡೆಯಿಂದ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರ ತಲೆಕೆಳಗಾಗಿ ನಿಂತಂಗ ಕಾಣುತ್ತೆ. ಅಗಲ ತಲೆಯ ಬೋಲ್ಟನ್ನು ತುದಿಯಿಂದ ಒಳಗೆ ತೂರಿಸಿದರೆ ಅದು ಸರೀತಾ ಹೋಗುತ್ತೆ, ಮೇಲಕ್ಕೆ ಮಾತ್ರ ಬರಲ್ಲ. ಮೇಲಿನಿಂದ ಮಷಿನ್ ಇಟ್ಟು ನಟ್ ಬಿಗಿ ಮಾಡಿದರೆ ಆಯ್ತು. ಕೆಳಗೆ ಮಲಗಿ ನಟ್ ಹಿಡಿಯೋರು ಬೇಕಿಲ್ಲ.

ಇದೇನು ಹೊಸ ಕಂಡುಹಿಡಿತ ಅಲ್ಲ. ಯಾವುದಾದ್ರೂ ಮಿಲ್ಲಿಂಗ್ ಮಷಿನ್ನಿನ ಟೇಬಲ್ ನೋಡಿ, ಎರಕದ ಕಬ್ಬಿಣದಲ್ಲೇ ಇಂಥ ಕಾಲುವೆ ಕೊರೆದಿರ್ತಾರೆ. ಅದೇ ಉಪಾಯವನ್ನು ಪ್ಲೈವುಡ್ ಟೇಬಲ್ಲಿಗೆ ತಂದದ್ದು ಟಿ-ಟ್ರ್ಯಾಕ್. ಆನ್‌ಲೈನಿನಲ್ಲಿ ಹೆಚ್ಚು ಸಿಗೋದು ‘30 ಟೈಪ್’. 30 ಎಂಎಂ ಅಗಲ, 12.8 ಎಂಎಂ ದಪ್ಪ, 8 ಎಂಎಂ ಬೋಲ್ಟ್ ಹಿಡಿಸುತ್ತೆ.

ಗದಗದ ಮಂದಿಗೆ ಇದರ ಹಿಂದಿನ ಯೋಚನೆ ಅರ್ಥ ಮಾಡಿಸೋದು ಸುಲಭ. ನಮ್ಮೂರನ್ನ ಮುದ್ರಣ ಕಾಶಿ ಅಂತ ಕರೀತಾರೆ. ಹಳೇ ಪ್ರೆಸ್ಸುಗಳಲ್ಲಿ ಅಚ್ಚಿನ ಮೊಳೆ ಜೋಡಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಫರ್ಮಾ ಮಾಡ್ತಿದ್ರು. ಟ್ರೆಡಲ್ ಮಷಿನ್ ಒಂದೇ, ಫರ್ಮಾ ಮಾತ್ರ ಬದಲಾಗೋದು. ಬೆಳಿಗ್ಗೆ ಲಗ್ನಪತ್ರಿಕೆ, ಮಧ್ಯಾಹ್ನ ಅಂಗಡಿ ಬಿಲ್‌ಬುಕ್, ಸಂಜೆ ಜಾತ್ರೆ ಹ್ಯಾಂಡ್‌ಬಿಲ್. ಎಲ್ಲ ಫರ್ಮಾದ ಚೌಕಟ್ಟಿನ ಅಳತೆ ಒಂದೇ ಇದ್ದದ್ದಕ್ಕೆ ಇದು ನಡೀತು. ಮಾವನ ಟೇಬಲ್ಲಿಗೂ ನಾವು ಮಾಡಬೇಕಾದ್ದು ಇಷ್ಟೇ. ಟೇಬಲ್ ಅಂದ್ರೆ ಟ್ರೆಡಲ್, ಮಷಿನ್ ಅಂದ್ರೆ ಫರ್ಮಾ.

ದೊಡ್ಡ ಕಾರ್ಖಾನೆಗಳಲ್ಲೂ ಇದೇ ಲೆಕ್ಕ. ಜಪಾನಿನ ಶಿಗೆಒ ಶಿಂಗೊ ಅನ್ನೋ ಎಂಜಿನಿಯರು ಟೊಯೋಟಾದಲ್ಲಿ 1,000 ಟನ್ ಪ್ರೆಸ್ಸಿನ ಅಚ್ಚು ಬದಲಿಸೋ ಸಮಯವನ್ನು ನಾಲ್ಕು ತಾಸಿನಿಂದ ಮೂರು ನಿಮಿಷಕ್ಕೆ ಇಳಿಸಿದ್ದು ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಬಹಳ ಹೆಸರಾದ ಕಥೆ. ಅವರ ಸೂತ್ರ ಸರಳ. ಮಷಿನ್ ನಿಂತಿರುವಾಗ ಮಾಡೋ ಕೆಲಸವನ್ನು ಆದಷ್ಟು ಮುಂಚೆಯೇ ಮಾಡಿ ಇಟ್ಕೋ. ಬಿಗಿಯೋದು, ಅಳೆಯೋದು, ಹುಡುಕೋದು ಮೂರನ್ನೂ ಕಮ್ಮಿ ಮಾಡು. ಬಿ.ಕಾಂನಲ್ಲಿ ಪರೀಕ್ಷೆಗೆ ಅಂತ ಓದಿದ್ದು, ಹೀಗೆ ಕೆಲಸಕ್ಕೆ ಬರುತ್ತೆ ಅಂದ್ಕೊಂಡಿರಲಿಲ್ಲ.

ನಾನು ಮಾಡಿದ ತಪ್ಪು

ಮೊದಲ ಸಲ ನಾನು ಬಹಳ ಜಾಣನಾಗಿದ್ದೆ. ಒಂದೇ ಒಂದು ಟ್ರ್ಯಾಕ್ ತರಿಸಿದೆ, ನಾಲ್ಕು ಫೂಟಿನದ್ದು. ಮಾವನ ಹಳೇ ಟೇಬಲ್ಲಿನ 19 ಎಂಎಂ ಪ್ಲೈವುಡ್ ಮೇಲೆ, ಮುಂದಿನ ಅಂಚಿನಿಂದ 10 ಸೆಂಟಿಮೀಟರ್ ಒಳಗೆ ಇಟ್ಟು, ಐದು ಸಣ್ಣ ಸ್ಕ್ರೂ ಹೊಡೆದೆ. ಅರ್ಧ ತಾಸಿನ ಕೆಲಸ. ವಿಡಿಯೋ ಕೂಡ ಮಾಡ್ಕೊಂಡೆ.

ವೈಂಡಿಂಗ್ ಮಷಿನ್ ಹಾಕಿದ್ವಿ, ಛಲೋ ನಿಂತಿತು. ಡ್ರಿಲ್ ಸ್ಟ್ಯಾಂಡ್ ಹಾಕಿದ್ವಿ, ಸ್ವಲ್ಪ ಅಲ್ಲಾಡಿತು, ಆದರೂ ನಡೀತು. ಮೂರನೇ ದಿನ ಮಾವ ಕೈ ಪ್ರೆಸ್ ಹಾಕಿ ಒಂದು ಬುಷ್ ಒತ್ತೋಕೆ ಹೋದರು. ಹಿಡಿ ಕೆಳಗೆ ಜಗ್ಗಿದರು. ಬುಷ್ ಇಳೀಲಿಲ್ಲ. ಇನ್ನಷ್ಟು ಜಗ್ಗಿದರು. ಪಟಪಟ ಅಂತ ಸ್ಕ್ರೂ ಕಿತ್ತು ಬಂದವು. ಟ್ರ್ಯಾಕ್ ಸಮೇತ ಪ್ರೆಸ್ ಮುಂದಕ್ಕೆ ಉರುಳಿ ಮಾವನ ಕಾಲ ಮೇಲೆ ಬಿತ್ತು.

ಹೆಬ್ಬೆರಳ ಉಗುರು ಹೋಯ್ತು. ಮೂಳೆ ಮುರೀಲಿಲ್ಲ, ಅದೊಂದು ಪುಣ್ಯ. ನಾಲ್ಕು ದಿನ ಅಂಗಡಿ ಬಾಗಿಲು ಹಾಕಿದ್ವಿ, ಅದೂ ಏಪ್ರಿಲ್‌ನಲ್ಲಿ. ಮಾಮಿ ನನ್ನ ಕಡೆ ನೋಡಿ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು. ಮಾವ ಮಾತ್ರ ಹಾಸಿಗೆ ಮೇಲೆ ಕೂತು, "ಲೇ ಅಳಿಯಾ, ನಿನ್ನ ಹಳಿ ತಪ್ಪಿಲ್ಲ. ಹಳಿ ಹಿಡ್ಕೊಂಡಿದ್ದು ತಪ್ಪು ಐತಿ. ಲೆಕ್ಕಾ ಮಾಡೋನು ನೀನು, ಲೆಕ್ಕಾ ಮಾಡಿ ಹೇಳು ಯಾಕ ಕಿತ್ತು ಬಂತು" ಅಂದ್ರು.

ಯಾಕ ಕಿತ್ತು ಬಂತು

ಲೆಕ್ಕ ಮಾಡಿದೆ. ನೀವೂ ಮಾಡಬಹುದು, ಎಂಟನೇ ಇಯತ್ತೆ ವಿಜ್ಞಾನ ಸಾಕು.

ಪ್ರೆಸ್ಸಿನ ಹಿಡಿ ಟೇಬಲ್ ಅಂಚಿನಿಂದ ಹೊರಗೆ 50 ಸೆಂಟಿಮೀಟರ್ ಚಾಚಿದೆ ಅಂದ್ಕೊಳ್ಳಿ. ಮಾವ ಅದರ ತುದಿಯಲ್ಲಿ 20 ಕೇಜಿ ತೂಕದಷ್ಟು ಒತ್ತಡ ಹಾಕಿದರು. ಆಗ ಪ್ರೆಸ್ಸು ಟೇಬಲ್ ಅಂಚನ್ನೇ ಆಧಾರ ಮಾಡ್ಕೊಂಡು ಮುಂದಕ್ಕೆ ಮಗುಚೋಕೆ ನೋಡುತ್ತೆ, ಏತ ತೂಗಿದಂಗ. ಒಂದು ಕಡೆ 20 ಗುಣಿಸು 50, ಅಂದ್ರೆ 1,000. ಇನ್ನೊಂದು ಕಡೆ ಅದನ್ನು ತಡೆಯೋ ಬೋಲ್ಟ್ ಅಂಚಿನಿಂದ ಬರೀ 10 ಸೆಂಟಿಮೀಟರ್ ಹಿಂದೆ ಇದೆ. 1,000 ಭಾಗಿಸು 10, ಅಂದ್ರೆ 100 ಕೇಜಿ. ಮಾವ ಒತ್ತಿದ್ದು 20 ಕೇಜಿ, ಬೋಲ್ಟ್ ಮೇಲೆ ಬಿದ್ದ ಎಳೆತ 100 ಕೇಜಿ. ಅದೂ ನೇರ ಮೇಲಕ್ಕೆ. ಪ್ಲೈವುಡ್ಡಿನಲ್ಲಿ ಅರ್ಧ ಇಂಚು ಇಳಿದ ಸ್ಕ್ರೂಗಳಿಗೆ ಆ ಎಳೆತ ತಡೆಯೋ ಶಕ್ತಿ ಇರಲ್ಲ. ಐದು ಸ್ಕ್ರೂನಲ್ಲೂ ಭಾರ ಬಿದ್ದದ್ದು ಪ್ರೆಸ್ಸಿನ ಹತ್ತಿರ ಇದ್ದ ಒಂದೆರಡರ ಮೇಲೆ. ಒಂದು ಕಿತ್ತ ಮೇಲೆ ಉಳಿದವು ಸಾಲಾಗಿ ಬಂದವು.

ಇದರಿಂದ ಎರಡು ಪಾಠ. ಒಂದು, ಟ್ರ್ಯಾಕನ್ನು ಸ್ಕ್ರೂನಿಂದ ಹಿಡೀಬಾರದು, ಟೇಬಲ್ ಆರಪಾರ ಬೋಲ್ಟ್ ಹಾಕಿ ಕೆಳಗಿನಿಂದ ಬಿಗೀಬೇಕು. ಎರಡು, ಬೋಲ್ಟ್ ಅಂಚಿನಿಂದ ಎಷ್ಟು ಹಿಂದೆ ಇದ್ದರೆ ಅಷ್ಟು ಎಳೆತ ಕಮ್ಮಿ. ಅದೇ ಬೋಲ್ಟ್ 28 ಸೆಂಟಿಮೀಟರ್ ಹಿಂದೆ ಇದ್ದಿದ್ದರೆ 1,000 ಭಾಗಿಸು 28, ಸುಮಾರು 36 ಕೇಜಿ. ಖರ್ಚು ಒಂದು ರೂಪಾಯಿ ಹೆಚ್ಚಿಲ್ಲದೆ ಭಾರ ಮೂರನೇ ಒಂದು ಪಾಲು ಆಗುತ್ತೆ. ಹಾಗಾಗಿ ಒಂದು ಟ್ರ್ಯಾಕ್ ಸಾಲಲ್ಲ. ಮುಂದೊಂದು, ಹಿಂದೊಂದು, ಎರಡು ಬೇಕು.

ಎರಡನೇ ಸಲ: ಹೆಂಗ ಮಾಡಿದ್ವಿ

ಈ ಸಲ ಮಾವ ಖುರ್ಚಿ ಹಾಕ್ಕೊಂಡು ಕಾಲು ಮೇಲಿಟ್ಟು ಕೂತರು. ನಮ್ಮ ಓಣಿಯ ಬಡಿಗೇರ ಅಣ್ಣಾರು ಬಂದರು. ನಾನು ಅಳತೆ ಟೇಪ್ ಹಿಡಿಯೋ ಹುಡುಗ ಆದೆ.

ಮೊದಲು ಟೇಬಲ್. ಕಬ್ಬಿಣದ ಆ್ಯಂಗಲ್ಲಿನ ಚೌಕಟ್ಟು ವೆಲ್ಡ್ ಮಾಡಿಸಿದ್ವಿ. ಹಿಂದಿನ ಎರಡು ಕಾಲು ಗೋಡೆಗೆ ಆ್ಯಂಕರ್ ಬೋಲ್ಟ್ ಹಾಕಿ ಕಟ್ಟಿದ್ವಿ. ಟೇಬಲ್ಲೇ ಅಲ್ಲಾಡಿದರೆ ಟ್ರ್ಯಾಕ್ ಎಷ್ಟು ಗಟ್ಟಿ ಇದ್ರೂ ಪ್ರಯೋಜನ ಇಲ್ಲ. ಅದರ ಮೇಲೆ 19 ಎಂಎಂ ಪ್ಲೈವುಡ್, 60 ಸೆಂಟಿಮೀಟರ್ ಆಳ.

ಆಮೇಲೆ ಟ್ರ್ಯಾಕ್ ಕೂರೋ ಕಾಲುವೆ. ರೌಟರ್ ಮಷಿನ್ನಿಂದ ಕೊರೀಬಹುದು. ಆದರೆ ಅಣ್ಣಾರು ಅದಕ್ಕಿಂತ ಸುಲಭದ ದಾರಿ ಹೇಳಿದರು. ಕೊರೆಯೋದೇ ಬೇಡ, ಟ್ರ್ಯಾಕಿನ ಆಜುಬಾಜು 12 ಎಂಎಂ ಪ್ಲೈವುಡ್ ಪಟ್ಟಿ ಅಂಟಿಸಿಬಿಡೋಣ, ನಡುವೆ ಉಳಿದದ್ದೇ ಕಾಲುವೆ. ಮುಂದೆ 65 ಎಂಎಂ ಪಟ್ಟಿ, ಒಂದು ಟ್ರ್ಯಾಕ್, ನಡುವೆ 170 ಎಂಎಂ ಪಟ್ಟಿ, ಎರಡನೇ ಟ್ರ್ಯಾಕ್, ಹಿಂದೆ ಉಳಿದ 305 ಎಂಎಂ. ಎರಡು ಟ್ರ್ಯಾಕಿನ ನಡುಗೆರೆಗಳ ಅಂತರ ಸರಿಯಾಗಿ 200 ಎಂಎಂ ಬರುತ್ತೆ. ನಡುವಿನ ಪಟ್ಟಿಯನ್ನು ಯಂತ್ರದ ಗರಗಸದಲ್ಲಿ ನೇರ ಕೊಯ್ಸಿದರೆ ಅದೇ ಅಳತೆಗೋಲು. ಎರಡೂ ಟ್ರ್ಯಾಕನ್ನು ಅದಕ್ಕೆ ಒತ್ತಿ ಹಿಡಿದರೆ ಸಮಾಂತರ ತಾನೇ ಬರುತ್ತೆ. ಇದು ಮುಖ್ಯ. ಒಂದು ತುದಿಯಲ್ಲಿ 200, ಇನ್ನೊಂದು ತುದಿಯಲ್ಲಿ 203 ಆದರೆ ಮಷಿನ್ ನಡುವೆಯೇ ಸಿಕ್ಕಿಬೀಳುತ್ತೆ.

ಈಗ ಎತ್ತರದ ವಿಷಯ. ಇದು ಚೂರು ಸೂಕ್ಷ್ಮ, ಗಮನ ಕೊಡಿ. ಟ್ರ್ಯಾಕ್ 12.8 ಎಂಎಂ ದಪ್ಪ, ಪಟ್ಟಿ 12. ಪಟ್ಟಿ ಮೇಲೆ 0.8 ಎಂಎಂ ಸನ್‌ಮೈಕಾ ಅಂಟಿಸಿದರೆ ಸರಿಸಮ. ಆದರೆ ಪೇಟೆಯ ಪ್ಲೈವುಡ್ ಹೇಳಿದಷ್ಟು ದಪ್ಪ ಇರಬೇಕಂತಿಲ್ಲ, ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ನೋಡಿ. ಸಮ ಬಾರದಿದ್ದರೆ ಟ್ರ್ಯಾಕ್ ಕೂದಲೆಳೆಯಷ್ಟು ಮೇಲೆ ಇದ್ದರೂ ನಡೆಯುತ್ತೆ, ಕೆಳಗೆ ಹೋಗಬಾರದು. ಯಾಕೆ? ಟ್ರ್ಯಾಕ್ ಕೆಳಗಿದ್ದರೆ ಮಷಿನ್ನಿನ ಪ್ಲೇಟು ಪ್ಲೈವುಡ್ ಮೇಲೆ ಕೂರುತ್ತೆ. ನಟ್ ಬಿಗಿ ಮಾಡಿದಷ್ಟೂ ಬೋಲ್ಟು ಟ್ರ್ಯಾಕನ್ನು ಟೇಬಲ್ಲಿನಿಂದ ಮೇಲಕ್ಕೆ ಕೀಳ್ತಾ ಹೋಗುತ್ತೆ. ಕೆಲಸ ಶುರು ಮಾಡೋ ಮುಂಚೆಯೇ ಅದರ ಮೇಲೆ ಎಳೆತ. ಟ್ರ್ಯಾಕ್ ಸಮ ಅಥವಾ ತುಸು ಮೇಲಿದ್ದರೆ ಪ್ಲೇಟು ಟ್ರ್ಯಾಕಿನ ತುಟಿಯ ಮೇಲೇ ಕೂರುತ್ತೆ. ಬೋಲ್ಟಿನ ತಲೆ ಕೆಳಗಿನಿಂದ, ಪ್ಲೇಟು ಮೇಲಿನಿಂದ, ನಡುವೆ ಟ್ರ್ಯಾಕಿನ ತುಟಿ ಇಕ್ಕಳದಲ್ಲಿ ಹಿಡಿದಂಗ. ಬಿಗಿ ಮಾಡಿದ ಬಲ ಅಲ್ಲಲ್ಲೇ ಮುಗಿಯುತ್ತೆ, ಟೇಬಲ್ಲಿಗೆ ಹೋಗಲ್ಲ.

ಇನ್ನು ಟ್ರ್ಯಾಕನ್ನು ಹಿಡಿಯೋದು. 15 ಸೆಂಟಿಮೀಟರ್‌ಗೆ ಒಂದರಂತೆ ಪ್ರತಿ ಟ್ರ್ಯಾಕಿಗೆ ಎಂಟು, 5 ಎಂಎಂ ಬೋಲ್ಟು. ಚಪ್ಪಟೆ ತಲೆ, ಟ್ರ್ಯಾಕಿನ ತಳದಲ್ಲಿ ಮುಳುಗಿ ಕೂರಬೇಕು, ಇಲ್ಲಾಂದ್ರೆ ಮೇಲೆ ಸರಿಯೋ ಬೋಲ್ಟಿಗೆ ತಾಗುತ್ತೆ. ಬೋಲ್ಟು ಪ್ಲೈವುಡ್ ಆರಪಾರ ಹೋಗಿ ಕೆಳಗೆ ಬರ್ತಾವೆ. ಅಲ್ಲಿ ಸಣ್ಣ ವಾಷರ್ ಹಾಕಿದರೆ ಕಟ್ಟಿಗೆಯೊಳಗೆ ಹೂತು ಹೋಗುತ್ತೆ. ನಾವು ಟೇಬಲ್ ಉದ್ದಕ್ಕೂ 25 ಎಂಎಂ ಅಗಲದ ಕಬ್ಬಿಣದ ಪಟ್ಟಿ ಇಟ್ಟು, ಎಂಟೂ ಬೋಲ್ಟು ಅದರೊಳಗಿಂದ ಹಾಯಿಸಿ ಬಿಗಿದ್ವಿ. ಈಗ ಒಂದು ಕಡೆ ಎಳೆದರೂ ಭಾರ ಇಡೀ ಪಟ್ಟಿಗೆ ಹಂಚಿ ಹೋಗುತ್ತೆ.

ಎಲ್ಲ ಮಷಿನ್ನಿಗೂ ಒಂದೇ ಪಾದ

ಟ್ರ್ಯಾಕ್ ಹಾಕಿದ್ದು ಅರ್ಧ ಕೆಲಸ. ವೈಸಿನ ತೂತಿನ ಅಂತರ ಒಂದು, ಡ್ರಿಲ್ ಸ್ಟ್ಯಾಂಡಿಂದು ಇನ್ನೊಂದು, ಪ್ರೆಸ್ಸಿಂದು ಮತ್ತೊಂದು. ಯಾವುದೂ ನೇರ ಟ್ರ್ಯಾಕಿಗೆ ಹೊಂದಲ್ಲ. ಅದಕ್ಕೆ ಪ್ರತಿ ಮಷಿನ್ನಿಗೂ ಒಂದು ಅಡಿಪ್ಲೇಟು. ವೈಸಿಗೆ, ಪ್ರೆಸ್ಸಿಗೆ 10 ಎಂಎಂ ಕಬ್ಬಿಣದ್ದು. ಡ್ರಿಲ್ ಸ್ಟ್ಯಾಂಡಿಗೆ, ವೈಂಡಿಂಗ್ ಮಷಿನ್ನಿಗೆ ಪ್ಲೈವುಡ್ಡಿಂದೇ ಸಾಕು. ಮಷಿನ್ ಅಡಿಪ್ಲೇಟಿಗೆ ಖಾಯಂ. ಅಡಿಪ್ಲೇಟಿನ ನಾಲ್ಕು ಮೂಲೆಯ ತೂತು ಮಾತ್ರ ಎಲ್ಲದಕ್ಕೂ ಒಂದೇ ಅಳತೆ, ಹಿಂದೆ ಮುಂದೆ 200 ಎಂಎಂ. ಒಂದು ಪ್ಲೇಟಿಗೆ ತೂತು ಹಾಕಿ, ಅದನ್ನೇ ಉಳಿದ ಮೂರರ ಮೇಲಿಟ್ಟು ಗುರುತು ಮಾಡಿದ್ವಿ. ಪ್ರತಿ ಸಲ ಟೇಪಿನಿಂದ ಅಳೆದರೆ ಪ್ರತಿ ಸಲ ಒಂದೊಂದು ತಪ್ಪು ಬರುತ್ತೆ.

ಬೋಲ್ಟು ಎಲ್ಲ 8 ಎಂಎಂ. ಅದರ ನಟ್ಟಿಗೆ 13 ನಂಬರ್ ಪಾನಾ. ಟೇಬಲ್ ಪಕ್ಕ ಒಂದು ಸರಪಳಿಗೆ ಆ ಒಂದೇ ಪಾನಾ ಕಟ್ಟಿದೀವಿ, ಹುಡುಕೋ ಕೆಲಸ ಇಲ್ಲ. ವೈಂಡಿಂಗ್ ಮಷಿನ್ನಿಗೆ ಮಾತ್ರ ಕೈಯಿಂದ ತಿರುಗಿಸೋ ನಾಬ್ ಇಟ್ಟೀವಿ, ಅದಕ್ಕೆ ಅಷ್ಟು ಬಲ ಬೇಕಿಲ್ಲ. ಇನ್ನೊಂದು ಸೂಚನೆ. ಟ್ರ್ಯಾಕಿನೊಳಗೆ ಸಾದಾ ಬೋಲ್ಟಿನ ತಲೆ ಹಾಕಿದರೆ ಅಲ್ಯೂಮಿನಿಯಂ ತುಟಿ ಒಂದೇ ಕಡೆ ಒತ್ತಿ ಸೊಟ್ಟಗಾಗಬಹುದು. ಭಾರದ ಮಷಿನ್ನಿಗೆ ಉದ್ದ ತಲೆಯ ಟಿ-ನಟ್ ಹಾಕಿ.

ವೆಲ್ಡಿಂಗ್ ಶಾಪು, ಟ್ರ್ಯಾಕ್ಟರ್ ರಿಪೇರಿ ಇರೋರಿಗೆ ಅಲ್ಯೂಮಿನಿಯಂ ಸಾಲದು ಅನ್ನಿಸಬಹುದು. ಸೋಲಾರ್ ಪ್ಯಾನಲ್ ಕೂರಿಸೋಕೆ ಬಳಸೋ 41 ಎಂಎಂ ಕಬ್ಬಿಣದ ಸಿ-ಚಾನೆಲ್ ನೋಡಿ. ಅದರೊಳಗೂ ನಟ್ ಸರೀತದೆ, ತುಟಿ ಬಹಳ ಗಟ್ಟಿ. ಅಡಿ ಎತ್ತರದ್ದು 21 ಎಂಎಂ ಸಿಗುತ್ತೆ. ನಮ್ಮ ಜಿಲ್ಲೆಯಲ್ಲಿ ಸೋಲಾರ್ ಫಿಟ್ಟಿಂಗ್ ಮಾಡೋರಿಗೇನೂ ಬರ ಇಲ್ಲ, ತುಂಡು ಕೇಳಿದರೆ ಕೊಡ್ತಾರೆ.

ಯಾವುದನ್ನ ಟ್ರ್ಯಾಕ್ ಮೇಲೆ ಇಡಬಾರದು

ಗ್ರೈಂಡರ್. ಮಾವ ಇದಕ್ಕೆ ಒಪ್ಪಲೇ ಇಲ್ಲ, ಸರಿಯಾದ ಮಾತು. ಜೋರಾಗಿ ತಿರುಗೋ ಕಲ್ಲು ಯಾವಾಗಲೂ ನಡುಗ್ತಾ ಇರುತ್ತೆ, ನಡುಗಿದರೆ ನಟ್ ಸಡಿಲ ಆಗುತ್ತೆ. ಮೇಲಿಂದ ಅದರ ಪುಡಿ ಟ್ರ್ಯಾಕಿನೊಳಗೆ ತುಂಬಿದರೆ ಬೋಲ್ಟು ಸರಿಯಲ್ಲ. ವೈಂಡಿಂಗ್ ತಂತಿಯ ಹತ್ತಿರ ಕಿಡಿ ಹಾರೋದೂ ಬೇಡ. ಅದು ಬಾಗಿಲ ಪಕ್ಕ ಬೇರೆ ಕಂಬದ ಮೇಲೆ ಖಾಯಂ ನಿಂತಿದೆ.

ಉಳಿದದ್ದಕ್ಕೂ ಒಂದು ನಿಯಮ ಮಾಡಿದೀವಿ. ಮಷಿನ್ ಬದಲಿಸಿದ ಮೇಲೆ ಕೆಲಸ ಶುರು ಮಾಡೋ ಮುಂಚೆ ಹಿಡಿ ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡೋದು, ಕಾಲು ಹಿಂದಿಟ್ಟು. ಕರೆಂಟಿನ ಮಷಿನ್ ಆದರೆ ಪ್ಲಗ್ ತೆಗೆದೇ ಬದಲಿಸೋದು. ಸಂಜೆ ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಟ್ರ್ಯಾಕ್ ಗುಡಿಸೋದು.

ಲೆಕ್ಕ

ಕಾಮರ್ಸಿನವನು ಲೆಕ್ಕ ಕೊಡದೆ ಬಿಟ್ಟರೆ ಹೆಂಗ. ಎರಡು ಟ್ರ್ಯಾಕು 1,500. ಪ್ಲೈವುಡ್, ಸನ್‌ಮೈಕಾ 2,800. ಆ್ಯಂಗಲ್, ವೆಲ್ಡಿಂಗ್ 3,200. ಬೋಲ್ಟು, ಟಿ-ನಟ್ಟು, ನಾಬು 1,100. ಅಡಿಪ್ಲೇಟು 2,400. ಒಟ್ಟು 11,000 ರೂಪಾಯಿ. ಮೊದಲ ಸಲ ನಾನು ಹಾಳು ಮಾಡಿದ 900 ಸೇರಿಸಿ 11,900. ಆ 900ನ್ನು ನಾನು ಬೇರೆ ಸಾಲಿನಲ್ಲಿ ಬರೆದಿದೀನಿ, ನನ್ನ ಹೆಸರಿನ ಮುಂದೆ. ಬಡಿಗೇರ ಅಣ್ಣಾರು ಕೂಲಿ ತಗೊಳ್ಳಲಿಲ್ಲ. ಅವರ ಹೊಲದ ಮೋಟರ್ ಒಮ್ಮೆ ಮಾವ ರಾತ್ರೋರಾತ್ರಿ ಸುತ್ತಿಕೊಟ್ಟಿದ್ದರಂತೆ.

ಎರಡನೇ ಶಟರ್ ಬಾಡಿಗೆ ತಿಂಗಳಿಗೆ 6,000 ಇತ್ತಲ್ಲ, ಎರಡು ತಿಂಗಳ ಬಾಡಿಗೆಯಲ್ಲಿ ಟೇಬಲ್ ಬಂತು. ಸಮಯದ ಲೆಕ್ಕ: ಹದಿನೈದು ನಿಮಿಷದ ಬದಲಾವಣೆ ಎರಡು ನಿಮಿಷಕ್ಕೆ ಇಳೀತು. ದಿನಕ್ಕೆ ಆರು ಸಲ ಅಂದ್ರೆ 78 ನಿಮಿಷ ಉಳಿತಾಯ. ತಿಂಗಳಿಗೆ 25 ದಿನ ಹಿಡಿದರೆ 32 ತಾಸಿನ ಮೇಲೆ. ಬ್ಯಾಲೆನ್ಸ್ ಶೀಟಿನಲ್ಲಿ ಈ ತಾಸುಗಳು ಎಲ್ಲೂ ಕಾಣಲ್ಲ. ಆದರೆ ಸಣ್ಣ ಅಂಗಡಿ ಉಳಿಯೋದು, ಮುಚ್ಚೋದು ಬಹಳ ಸಲ ಇಂಥ ಕಾಣದ ತಾಸುಗಳ ಮೇಲೇ.

ಮುಂಡರಗಿಯ ಮೋಟರ್

ಕೊನೆಗೆ ಒಂದು ಸಂಜೆಯ ಮಾತು. ಟೇಬಲ್ ಆಗಿ ಎಂಟೊಂಬತ್ತು ದಿನ. ಮುಂಡರಗಿ ಕಡೆಯ ಒಬ್ಬರು ರೈತರು ಸುಟ್ಟ ಮೋಟರ್ ಟಂಟಂನಲ್ಲಿ ಹಾಕ್ಕೊಂಡು ಬಂದರು. ಬೇಸಿಗೆ ಶೇಂಗಾ ಹಾಕಿದ್ದರು, ಕಾಯಿ ಕಟ್ಟೋ ಹೊತ್ತು. "ಎರಡು ದಿನ ನೀರಿಲ್ಲಂದ್ರ ಮುಗೀತ್ರಿ" ಅಂತ ಅಂದು ಹೊರಗೆ ಕಟ್ಟೆ ಮೇಲೆ ಕೂತರು. ಊಟಕ್ಕೂ ಏಳಲಿಲ್ಲ.

ಮಾವ ಕೆಲಸಕ್ಕೆ ಇಳಿದರು. ವೈಸಿನಲ್ಲಿ ಹಿಡಿದು ಬಿಚ್ಚಿದರು. ವೈಸ್ ಸರಿಸಿ ವೈಂಡಿಂಗ್ ಮಷಿನ್ ಬಂತು. ಹುಡುಗ ಸುತ್ತು ಎಣಿಸ್ತಾ ಕೂತ. ರಾತ್ರಿ ಬುಷ್ ಹಾಕೋ ಹೊತ್ತಿಗೆ ಕೈ ಪ್ರೆಸ್ ಟ್ರ್ಯಾಕಿಗೆ ಏರಿತು. ನನ್ನ ಎದೆ ಡವಡವ. ಮಾವ ನಾಲ್ಕೂ ನಟ್ ಬಿಗಿದು, ಗಾಯದ ಕಾಲು ಹಿಂದಿಟ್ಟು, ಹಿಡಿ ಜಗ್ಗಿ ನೋಡಿದರು. ಟೇಬಲ್ ಮಿಸುಕಲಿಲ್ಲ. ಆಮೇಲೆ ಬುಷ್ ಇಟ್ಟು ಒತ್ತಿದರು. ಮೆಲ್ಲಕೆ ಇಳೀತು.

ಮರುದಿನ ನಸುಕಿನಲ್ಲಿ ಮೋಟರ್ ಮುಂಡರಗಿ ದಾರಿ ಹಿಡೀತು. ಮಧ್ಯಾಹ್ನ ಆ ರೈತರ ಫೋನ್ ಬಂತು, ನೀರು ಬಿದ್ದ ಸಪ್ಪಳ ಫೋನಿನಲ್ಲೇ ಕೇಳಿಸಿದರು.

ಗುಜರಿಯವರು ಮತ್ತೊಮ್ಮೆ ಬಂದಿದ್ದರು, ಪ್ರೆಸ್ ಕೊಡ್ತೀರೇನು ಅಂತ. ಮಾವ ನನ್ನ ಕಡೆ ಕೈ ಮಾಡಿ, "ಅದರ ಮಾಲಕ ಈಗ ಇವ ಅದಾನ್ರಿ, 900 ರೂಪಾಯಿ ಹಾಕ್ಯಾನ" ಅಂದ್ರು. ಮಾಮಿ ಅವತ್ತು ನನಗೆ ಚಹಾ ಕೊಟ್ಟರು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಸಣ್ಣ ಅಂಗಡಿ ಇದ್ದೇ ಇರುತ್ತೆ. ಶಿರಹಟ್ಟಿಯಲ್ಲಿ ಮೊಬೈಲ್ ರಿಪೇರಿ ಇರಬಹುದು, ಲಕ್ಷ್ಮೇಶ್ವರದಲ್ಲಿ ಸೈಕಲ್ ಶಾಪ್ ಇರಬಹುದು, ಬೆಟಗೇರಿಯಲ್ಲಿ ಟೇಲರ್ ಇರಬಹುದು. ಒಂದು ದಿನ ಹೋಗಿ ಸುಮ್ಮನೆ ಕೂತು ನೋಡಿ. ಕೆಲಸಕ್ಕೆ ಎಷ್ಟು ಹೊತ್ತು, ಕೆಲಸದ ತಯಾರಿಗೆ ಎಷ್ಟು ಹೊತ್ತು ಹೋಗುತ್ತೆ ಅಂತ ಬರೆದುಕೊಳ್ಳಿ. ಉಪಾಯ ಆಮೇಲೆ ಹೊಳೆಯುತ್ತೆ. ಮತ್ತೆ ಏನೇ ಮಾಡಿದ್ರೂ ಮೊದಲು ಕೆಳಗಿನಿಂದ ಬೋಲ್ಟ್ ಹಾಕ್ರಿ, ಆಮೇಲೆ ವಿಡಿಯೋ ಮಾಡ್ರಿ.

ಮುಂದಿನ ವಾರ ಸಿಗೋಣ. ನಮಸ್ಕಾರ.